ಹನ್ನೆರಡು ವಾರದ ಊಟ

ನನ್ನ ಮಗಳು ಮೂರನೇ ಮಹಡಿಯಲ್ಲಿ ಕೂತುಬಿಟ್ಟಳು. ಅಗ್ನಿಶಾಮಕ ದಳಕ್ಕೆ ಸೇರಬೇಕೆಂದರೆ ನೀರಿನ ಪೈಪಿನ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಐದು ಮಹಡಿಯ ಕಬ್ಬಿಣದ ಗೋಪುರ ಹತ್ತಬೇಕು. ಬರೆಯುವ ಪರೀಕ್ಷೆಯಲ್ಲಿ ಅವಳು ನಾನೂರು ಜನರಲ್ಲಿ ಒಂಬತ್ತನೆಯವಳು. ಹಗ್ಗದ ಗಂಟು ಹಾಕುವುದರಲ್ಲಂತೂ ಅವಳೇ ಮೊದಲು. ಮೆಟ್ಟಿಲಿನ ಸರದಿ ಬಂದಾಗ ಮಾತ್ರ ಕಣ್ಣಿಗೆ ಕತ್ತಲೆ ಕಟ್ಟಿ, ಸುರುಳಿಯ ಸಮೇತ ಕುಸಿದು ಕೂತಳು. ಬೇಲಿಯ ಈಚೆ ನಿಂತಿದ್ದ ನಾನು ಬಾಯಿ ಬಿಟ್ಟುಕೊಂಡು ನೋಡಿದೆ, ಇನ್ನೇನು ಮಾಡಲಿ?

ಅಲ್ಲಿನ ಡಾಕ್ಟರು ಬೆರಳು ಚುಚ್ಚಿ ರಕ್ತ ನೋಡಿದರು. ಹಿಮೋಗ್ಲೋಬಿನ್ ಒಂಬತ್ತು ಪಾಯಿಂಟ್ ಎಂಟು. ಹನ್ನೆರಡು ಇರಬೇಕಂತೆ. "ಹನ್ನೆರಡು ವಾರ ಬಿಟ್ಟು ಇನ್ನೊಂದ್ಸಲ ಕರೀತೀವಿ. ಆವತ್ತೂ ಹನ್ನೆರಡು ಮುಟ್ಟಲಿಲ್ಲ ಅಂದ್ರೆ ಮೆಟ್ಲು ಹತ್ತೋಕೂ ಬಿಡಲ್ಲ," ಎಂದರು. ಮತ್ತೆ ಆಳು ತೆಗೆದುಕೊಳ್ಳುವ ಹೊತ್ತಿಗೆ ಅವಳ ವಯಸ್ಸು ಮೀರಿರುತ್ತದೆ. ಅಂದರೆ ಅದೇ ಕೊನೆಯ ಸಲ.

ಇವಳನ್ನು ನಾವು ಏಣಿ ಎಂದು ಕರೆಯುತ್ತೇವೆ. ಉದ್ದಕ್ಕೆ ಬೆಳೆದಿದ್ದು ಒಂದು ಕಾರಣ, ಮೂರು ವರ್ಷದವಳಿದ್ದಾಗ ಅಟ್ಟ ಹತ್ತಿ ಕೂತು ಇಡೀ ಬೀದಿಯವರಿಂದ ಹುಡುಕಿಸಿಕೊಂಡದ್ದು ಇನ್ನೊಂದು. ಎಲ್ಲಾದರೂ ಬೆಂಕಿ ಬಿದ್ದರೆ ತಾನೇ ಮೊದಲು ಹತ್ತುವವಳು ಎಂದು ಹಲ್ಲು ಬಿದ್ದ ವಯಸ್ಸಿನಿಂದ ಹೇಳಿಕೊಂಡು ಬಂದವಳು. ಬೇರೆ ಕೆಲಸ ಸಿಗುತ್ತಿರಲಿಲ್ಲ ಎಂದೇನಲ್ಲ. ಅವಳಿಗೆ ಬೇಕಾಗಿದ್ದದ್ದು ಅದೊಂದೇ. ಆ ದಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಬಂದಳು.

ನಾನು ಬಸ್ ನಿಲ್ದಾಣದ ಎದುರಿಗೆ ಚಹಾ ಮಾರುತ್ತೇನೆ. ತಗಡಿನ ಗೂಡು, ಎರಡು ಬೆಂಚು, ಒಂದು ಒಲೆ, ಒಂದು ಬಾಯಿ. ಚಹಾಕ್ಕಿಂತ ಬಾಯಿಗೇ ಗಿರಾಕಿ ಹೆಚ್ಚು ಎಂದು ನಮ್ಮ ಯಜಮಾನರು ಹಂಗಿಸುತ್ತಾರೆ. ಅವರು ತರಕಾರಿ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು. ಹೋದ ವರ್ಷ ಸೊಂಟ ಹಿಡಿದ ಮೇಲೆ ಅರ್ಧ ಕೆಲಸ, ಅರ್ಧ ಕೂಲಿ. ಮನೆಯಲ್ಲಿ ಮೂರು ಹಲ್ಲು ಮತ್ತು ಮುನ್ನೂರು ದೂರುಗಳಿರುವ ನನ್ನ ಅತ್ತೆ. ಒಟ್ಟು ನಾಲ್ಕು ಹೊಟ್ಟೆ. ಬಾಡಿಗೆ, ಗ್ಯಾಸು, ಅಂಗಡಿಯ ಹಾಲು ಸಕ್ಕರೆ ಎಲ್ಲ ಕಳೆದು ವಾರದ ಅಡುಗೆಗೆ ಉಳಿಯುವ ಚಿಲ್ಲರೆ ನನ್ನ ಚೀಲದಲ್ಲಿ ಸದ್ದು ಕೂಡ ಮಾಡುತ್ತಿರಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಏನು ತಿನ್ನಬೇಕು, ಹೇಗೆ ತಿನ್ನಬೇಕು ಎಂದು ಹೇಳಿಕೊಡುವ ಒಬ್ಬರು ಇದ್ದರು. ಎಲ್ಲರೂ ಅವರನ್ನು ಊಟದ ಮೇಡಂ ಎನ್ನುತ್ತಿದ್ದರು. ಚಿಕ್ಕ ವಯಸ್ಸು, ದಪ್ಪ ಕನ್ನಡಕ. ಏಣಿಗೆ ಡಾಕ್ಟರ ಹತ್ತಿರ ಕಬ್ಬಿಣದ ಮಾತ್ರೆ ಬರೆಸಿ ಕೊಡಿಸಿದರು. ನನ್ನ ಕೈಗೆ ಬಣ್ಣದ ಚಿತ್ರಗಳಿದ್ದ ಒಂದು ಹಾಳೆ ಇಟ್ಟರು. ದಾಳಿಂಬೆ, ಬಾದಾಮಿ, ಒಣದ್ರಾಕ್ಷಿ, ಕುರಿಮಾಂಸ. ನನಗೆ ಸಿಟ್ಟು ನೆತ್ತಿಗೇರಿತು.

"ಇದನ್ನೆಲ್ಲ ತಿನ್ನೋರು ನಿಮ್ಮ ಹತ್ರ ಯಾಕೆ ಬರ್ತಾರೆ ಮೇಡಂ?" ಎಂದೆ. "ಈ ಬಾದಾಮೀನ ನಾನು ಚಿತ್ರದಲ್ಲೇ ನೋಡಿರೋದು. ಬೇಕಾದ್ರೆ ಈ ಹಾಳೇನೇ ಬೇಯಿಸಿ ಹಾಕ್ತೀನಿ ಅವಳಿಗೆ."

ಏಣಿ ನನ್ನ ತೋಳು ಜಿಗುಟಿದಳು. "ಅಮ್ಮ, ಸುಮ್ನಿರು."

ಮೇಡಂ ಸಿಟ್ಟಾಗಲಿಲ್ಲ. ಹಾಳೆಯನ್ನು ವಾಪಸು ತೆಗೆದುಕೊಂಡು, ಮಗುಚಿ, ಬಿಳಿಯ ಬದಿಯ ಮೇಲೆ ಪೆನ್ನಿಟ್ಟು ಕೂತರು. "ಸರಿ ಅಮ್ಮ, ನೀವೇ ಹೇಳಿ. ನಿಮ್ಮ ಕಡೆ ಅಗ್ಗಕ್ಕೆ ಏನೇನು ಸಿಗುತ್ತೆ?"

ಹಾಗೆ ಕೇಳಿದ ಮೇಲೆ ನನ್ನ ಬಾಯಿ ಕಟ್ಟುವವರುಂಟೇ? ಸಂಜೆ ಮಾರುಕಟ್ಟೆ ಮುಚ್ಚುವಾಗ ಬಾಡಿದ ಸೊಪ್ಪನ್ನು ಕೇಳಿದ ಬೆಲೆಗೆ ಕೊಟ್ಟುಬಿಡುತ್ತಾರೆ. ದಿನಸಿ ಅಂಗಡಿಯ ಮೂಟೆಯ ತಳದಲ್ಲಿ ಉಳಿದ ಒಡಕು ಬೇಳೆ ಅರ್ಧ ಬೆಲೆ. ಬಿರುಕು ಬಿಟ್ಟ ಮೊಟ್ಟೆಯನ್ನು ಅದೇ ದಿನ ಬೇಯಿಸುವುದಾದರೆ ಒಂದರ ಬೆಲೆಗೆ ಮೂರು. "ಕೋಳಿ ಅಂಗಡೀಲಿ ಲಿವರ್?" ಎಂದು ಮೇಡಂ ಕೇಳಿದರು. ಅದನ್ನು ನಾಯಿಗೆ ಹಾಕಲು ಒಯ್ಯುವವರೇ ಹೆಚ್ಚು ಎಂದೆ. "ಅದಕ್ಕೇ ನಾಯಿಗಳು ಯಾವ ಮೆಟ್ಲಲ್ಲೂ ಕೂರಲ್ಲ," ಎಂದರು. ಆಗ ಆ ಮೇಡಂ ನನಗೆ ಸ್ವಲ್ಪ ಹಿಡಿಸಿದರು. ಕಾಳು, ಸೊಪ್ಪು ತಿನ್ನುವಾಗ ಜೊತೆಗೆ ನಿಂಬೆಹಣ್ಣೋ ಟೊಮೆಟೊವೋ ಇರಲಿ, ಆಗಲೇ ಅದು ಮೈಗೆ ಹತ್ತುವುದು ಎಂದು ಹೇಳಿಕೊಟ್ಟು ಕಳಿಸಿದರು.

ಮನೆಗೆ ಬಂದವಳೇ ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನ ಮೇಲೆ ಏಣಿಯಿಂದ ಗೆರೆ ಎಳೆಸಿ, ವಾರಕ್ಕೆ ಏಳು ಮನೆ ಮಾಡಿಸಿದೆ. ಒಲೆಯ ಪಕ್ಕದ ಗೋಡೆಗೆ ಅಂಟಿಸಿದೆವು. ನಿಯಮ ನನ್ನದು. ಚೀಲದಿಂದ ದುಡ್ಡು ಹೊರಗೆ ಹೋಯಿತೆಂದರೆ, ಅದಕ್ಕೆ ಬಂದ ಪದಾರ್ಥ ಯಾವುದೋ ಒಂದು ಮನೆಯಲ್ಲಿ ಕಾಣಿಸಿಕೊಳ್ಳಲೇಬೇಕು. ಕೈಗೆ ಸಿಕ್ಕಿದ್ದನ್ನು ತಂದು, ಹೊಟ್ಟೆ ತುಂಬ ಅನ್ನ ಹಾಕಿ, ಮೇಲೆ ಉಪ್ಪು ಖಾರ ಉದುರಿಸುವ ಕಾಲ ಮುಗಿಯಿತು ಎಂದು ಸೌಟು ಹಿಡಿದು ಸಾರಿದೆ.

ಅತ್ತೆ ಗೋಡೆಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಗ್ಗಿ ಓದಿದರು. "ನನಗಿರೋದು ಮೂರು ಹಲ್ಲು. ನಿನ್ನ ಪಟ್ಟೀಲಿ ಮೂರು ದಿನ ಕಡಲೆಕಾಳು. ದಿನಕ್ಕೊಂದು ಹಲ್ಲು ಕಿತ್ಕೊಳ್ಳೋ ಲೆಕ್ಕಾನಾ ಏನೇ?"

"ನಿಮಗೆ ಅರೆದು ಕೊಡ್ತೀನಿ ಅತ್ತೆ."

"ಲಿವರ್ ಅಂತ ಬೇರೆ ಬರೆದಿದ್ದೀಯ. ಅದನ್ನ ನನ್ನ ತಟ್ಟೆ ಹತ್ರ ತರಬೇಡ."

ತರಲಿಲ್ಲ. ಈರುಳ್ಳಿ ಟೊಮೆಟೊ ಜೊತೆ ನುಣ್ಣಗೆ ಬೇಯಿಸಿ ಏಣಿಗೆ ಬಡಿಸಿದೆ. ಎರಡನೇ ವಾರ ಅತ್ತೆಯೇ ಪಾತ್ರೆಯ ಅಂಚಿಗೆ ಬ್ರೆಡ್ಡು ಒರೆಸಿಕೊಂಡು ತಿನ್ನುತ್ತಿದ್ದದ್ದನ್ನು ನೋಡಿದೆ. ನೋಡದವಳಂತೆ ಸುಮ್ಮನಾದೆ. ನಾನೂ ಒಮ್ಮೊಮ್ಮೆ ಸುಮ್ಮನಾಗುತ್ತೇನೆ.

ಅಡುಗೆಯೂ ಒಂದು ಕಸುಬು, ಅದರಲ್ಲೂ ತಲೆ ಓಡಿಸಬಹುದು ಎಂದು ನನಗೆ ಆಗ ತಿಳಿಯಿತು. ವಾರದ ಮೊದಲ ದಿನವೇ ಬೇಳೆ ಕಾಳು ತಂದಿಟ್ಟುಬಿಟ್ಟರೆ, ದುಡ್ಡು ಮುಗಿದರೂ ಪಾತ್ರೆ ಖಾಲಿಯಾಗುವುದಿಲ್ಲ. ಕಾಳು ನೆನೆಸಿ ಮೊಳಕೆ ಬರಿಸಿದರೆ ಒಂದು ಹಿಡಿ ಎರಡು ಹಿಡಿಯಾಗುತ್ತದೆ. ಸೊಪ್ಪಿನ ದಂಟನ್ನು ಸಣ್ಣಗೆ ಹೆಚ್ಚಿ ಬೇಳೆಗೆ ಹಾಕಿದರೆ ಎಸೆಯಲು ಬೇರು ಮಾತ್ರ ಉಳಿಯುವುದು. ಯಜಮಾನರು ಸಂಜೆ ಸೊಪ್ಪಿನ ಚೀಲ ಹಿಡಿದು ಬಂದು, "ಇವತ್ತು ಮುದುಕಿ ಸೊಪ್ಪು ಸಿಕ್ಕಿದೆ ಕಣೇ, ನಿನ್ನ ಹಾಗೆ," ಎನ್ನುತ್ತಿದ್ದರು. ನಾನು ದಂಟಿನಿಂದಲೇ ಒಂದು ಬಿಡುತ್ತಿದ್ದೆ. ಬಡಿಸುವಾಗ ಮೊದಲ ಸೌಟು ಏಣಿಗೆ, ಅದರಲ್ಲಿ ರಾಜಿಯಿಲ್ಲ.

ಐದು ವಾರ ಹೀಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಡೆಸಿದೆ. ಹನ್ನೊಂದಾದರೂ ಆಗಿರುತ್ತದೆ ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನನ್ನ ಬಾಯಿ ನಿಂತಿರಲಿಲ್ಲ. ರಕ್ತ ನೋಡುವ ಹುಡುಗಿ ಚೀಟಿ ಕೊಟ್ಟಳು. ಹತ್ತು ಪಾಯಿಂಟ್ ಒಂದು.

"ನಿಮ್ಮ ಮಿಷನ್ ಕೆಟ್ಟಿದೆ," ಎಂದೆ.

"ಮಿಷನ್ ಸರಿಯಾಗೇ ಇದೆ ಅಮ್ಮ."

"ಹಾಗಾದ್ರೆ ನೀನು ಕೆಟ್ಟಿದ್ದೀಯ!"

ಏಣಿ ನನ್ನನ್ನು ಹೊರಗೆ ಎಳೆದುಕೊಂಡು ಬಂದಳು. ಅವಳ ಮುಖದಲ್ಲಿ ಬಣ್ಣವೇ ಇರಲಿಲ್ಲ. "ಐದು ವಾರಕ್ಕೆ ಇಷ್ಟೇನಾ?" ಎಂದಷ್ಟೇ ಹೇಳಿದಳು. ನನ್ನ ತಲೆ ಕೆಟ್ಟು ಕೆರ ಹಿಡಿಯಿತು. ಸೀದಾ ಮನೆಗೆ ಹೋಗಿ, ಗೋಡೆಯ ಮೇಲಿನ ಪಟ್ಟಿಯನ್ನು ಕಿತ್ತುಕೊಂಡು, ಅದೇ ಬಿಸಿಯಲ್ಲಿ ಊಟದ ಮೇಡಂ ಕೋಣೆಗೆ ನುಗ್ಗಿದೆ. ಏಣಿ ಓಡೋಡಿ ಹಿಂದೆ ಬಂದಳು.

"ನೋಡಿ ಮೇಡಂ! ನೀವು ಹೇಳಿದ್ದು ಒಂದು ಅಕ್ಷರ ಬಿಟ್ಟಿಲ್ಲ. ಎಲ್ಲಿ ಹೋಯ್ತು ಇದೆಲ್ಲ? ನನ್ನ ಲಿವರ್ ಎಲ್ಲಿ ಹೋಯ್ತು?"

ಹೊರಗೆ ಕಾಯುತ್ತಿದ್ದವರು ಬಾಗಿಲಲ್ಲಿ ಇಣುಕಿದರು. ಮೇಡಂ ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಪಟ್ಟಿಯ ಮೇಲೆ ಮನೆಯಿಂದ ಮನೆಗೆ ಬೆರಳಿಟ್ಟು ನಿಧಾನವಾಗಿ ಓದಿದರು. "ಅಮ್ಮ, ಇದು ನನ್ನ ಹಾಳೆಗಿಂತ ಚೆನ್ನಾಗಿದೆ," ಎಂದರು. ಆ ಮಾತಿಗೆ ನನ್ನ ಅರ್ಧ ಸಿಟ್ಟು ಇಳಿಯಿತು. "ಮಾತ್ರೆ ತಪ್ಪದೆ ತಗೊಳ್ತಿದ್ದಾಳಾ?"

"ಒಂದು ದಿನಾನೂ ತಪ್ಪಿಲ್ಲ. ನಾನೇ ನನ್ನ ಕೈಯಾರೆ ಕೊಡ್ತೀನಿ. ಬೆಳಿಗ್ಗೆ ಆರಕ್ಕೆ ಮೊದಲ್ನೇ ಪಾತ್ರೆ ಇಳಿಸ್ತೀನಿ ನೋಡಿ, ಆಗ ಒಂದು ದೊಡ್ಡ ಲೋಟ ಗಟ್ಟಿ ಟೀ ಜೊತೆ."

ಮೇಡಂ ಬೆರಳು ನಿಂತಿತು. "ಟೀ ಜೊತೆ?"

"ಬರೀ ನೀರಲ್ಲಿ ಯಾಕೆ ನುಂಗಬೇಕು? ಅಷ್ಟೂ ಗತಿ ಇಲ್ಲದೋರಾ ನಾವು?"

"ಊಟದ ಜೊತೆ ಏನು ಕುಡೀತೀರಿ?"

"ಟೀ."

"ಮಧ್ಯಾಹ್ನ?"

"ಮಧ್ಯಾಹ್ನಾನೂ ಟೀ. ಫ್ಲಾಸ್ಕಲ್ಲಿ ಕಳಿಸ್ತೀನಿ. ನಮ್ಮ ಮನೇಲಿ ಟೀಗೆ ಕೊರತೆ ಮಾಡಲ್ಲ ಮೇಡಂ."

"ಈ ಪಟ್ಟೀಲಿ ಎಲ್ಲೂ ಟೀ ಬರೆದೇ ಇಲ್ವಲ್ಲ?"

"ಅದಕ್ಕೇನು ದುಡ್ಡು ಕೊಡ್ತೀವಾ? ಅಂಗಡೀಲಿ ಉಳಿದಿದ್ದು ಅದು," ಎಂದೆ.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಚಹಾದಲ್ಲಿ ಒಂದು ಒಗರು ಇರುತ್ತದಂತೆ. ಹೊಟ್ಟೆಗೆ ಬಿದ್ದ ಕಬ್ಬಿಣದ ಸತ್ವವನ್ನು ಅದು ಹಿಡಿದುಕೊಂಡುಬಿಡುತ್ತದಂತೆ, ರಕ್ತಕ್ಕೆ ಸೇರಲು ಬಿಡುವುದಿಲ್ಲವಂತೆ. ಚಹಾ ಗಟ್ಟಿಯಾದಷ್ಟೂ ಹಿಡಿತ ಗಟ್ಟಿ. ನಾನು ಬೇಯಿಸಿ ಹಾಕಿದ ಕಾಳು, ಸೊಪ್ಪು, ಮೇಲೆ ಮಾತ್ರೆ, ಎಲ್ಲದರ ಬಹುಪಾಲನ್ನು ನನ್ನ ಚಹಾವೇ ಹೊತ್ತುಕೊಂಡು ಹೊರಗೆ ಹೋಗಿತ್ತು.

"ನನ್ನ ಟೀಗೆ ಹೆಸರಿಡಬೇಡಿ ಮೇಡಂ!" ಎಂದು ಎದ್ದು ನಿಂತೆ. "ಇಪ್ಪತ್ತು ವರ್ಷದಿಂದ ಇಡೀ ಬಸ್ ಸ್ಟ್ಯಾಂಡು ಕುಡೀತಿದೆ!"

"ಟೀ ಕೆಟ್ಟದ್ದು ಅಂತ ನಾನು ಹೇಳಲಿಲ್ಲಮ್ಮ. ನಾನೇ ದಿನಕ್ಕೆ ನಾಲ್ಕು ಕುಡೀತೀನಿ. ಊಟಕ್ಕೆ ಒಂದು ಗಂಟೆ ಮುಂಚೆ ಬೇಡ, ಊಟ ಆಗಿ ಒಂದು ಗಂಟೆ ಬೇಡ. ಮಾತ್ರೆ ಜೊತೆಗಂತೂ ಬೇಡವೇ ಬೇಡ." ಕನ್ನಡಕ ಮತ್ತೆ ಹಾಕಿಕೊಂಡು ಹೇಳಿದರು, "ನನ್ನದೂ ತಪ್ಪಿದೆ. ಟೀ ಅಂಗಡಿ ಅಂತ ಗೊತ್ತಿದ್ದೂ ಮೊದಲ್ನೇ ದಿನ ಕೇಳಲಿಲ್ಲ."

ಅವರಿಗೆ ಆ ಮಾತು ಹೇಳುವ ಅಗತ್ಯವಿರಲಿಲ್ಲ. ಮಾತ್ರೆಯ ಪೊಟ್ಟಣದ ಮೇಲೆ 'ನೀರಿನ ಜೊತೆ' ಎಂದು ಅಚ್ಚು ಹಾಕಿತ್ತು. ನಾನು ಓದಿದ್ದೆ. ನನ್ನ ಮಗಳಿಗೆ ನೀರಿಗಿಂತ ಒಳ್ಳೆಯದನ್ನು ಕೊಡುತ್ತೇನೆ ಎಂದುಕೊಂಡಿದ್ದೆ.

ಏಣಿ ಆಸ್ಪತ್ರೆಯ ಹೊಸ್ತಿಲು ದಾಟುವವರೆಗೆ ತಡೆದುಕೊಂಡಳು. ಆಮೇಲೆ ತಿರುಗಿ ನಿಂತಳು. "ಐದು ವಾರ ಅಮ್ಮ! ನಂಗೆ ಬೇಡ ಬೇಡ ಅಂದ್ರೂ, ಗಟ್ಟಿ ಟೀ ಕುಡಿ, ಶಕ್ತಿ ಬರುತ್ತೆ ಅಂತ ಲೋಟ ತುಂಬಿ ತುಂಬಿ ಕೊಟ್ಟೆ. ಯಾರ ಮಾತಾದ್ರೂ ಕೇಳ್ತೀಯಾ ನೀನು? ಪ್ರಪಂಚದಲ್ಲಿ ನಿನಗೊಬ್ಬಳಿಗೇ ಎಲ್ಲ ಗೊತ್ತಿರೋದಾ?"

ಅವಳು ದಡದಡ ಮೆಟ್ಟಿಲಿಳಿದು, ನನ್ನನ್ನು ಅಲ್ಲೇ ಬಿಟ್ಟು, ಸಿಕ್ಕಿದ ಬಸ್ಸು ಹತ್ತಿ ಹೋದಳು. ನಾನು ಆ ಮೆಟ್ಟಿಲ ಮೇಲೆ ಕೂತೆ. ನನಗೆ ಅಳು ಸುಲಭಕ್ಕೆ ಬರುವುದಿಲ್ಲ. ಆವತ್ತು ಬಂತು. ಹೋಗಿ ಬರುವವರೆಲ್ಲ ಒಳಗೆ ಯಾರೋ ತೀರಿಕೊಂಡಿರಬೇಕು ಎಂದುಕೊಂಡು ನನ್ನನ್ನು ಸುತ್ತಿ ದಾಟಿಕೊಂಡು ಹೋದರು.

ಮನೆಯಲ್ಲಿ ವಿಷಯ ಹೇಳಿದಾಗ ಯಜಮಾನರು ಸೊಂಟ ಹಿಡಿದುಕೊಂಡು ನನ್ನ ಪಕ್ಕ ಬಂದು ಕೂತರು. "ಆ ಟೀ ನಾವೆಲ್ಲ ಕುಡಿದಿದ್ದೀವಲ್ಲೇ. ಎಲ್ಲಾನೂ ನೀನೊಬ್ಳೇ ಯಾಕೆ ತಲೆ ಮೇಲೆ ಹಾಕ್ಕೋತೀಯ?" ಎಂದರು. ಅತ್ತೆ ಮಾತ್ರ, "ಟೀನೂ ಇಲ್ವಾ ಹಾಗಾದ್ರೆ?" ಎಂದು ತಮ್ಮ ಚಿಂತೆ ತಾವು ಮಾಡಿದರು.

ಏಣಿ ಒಳಗಿನಿಂದ ಬಂದಳು. ಕಣ್ಣು ಕೆಂಪಾಗಿತ್ತು. ನನ್ನ ಕೈಯಲ್ಲಿ ಮುದ್ದೆಯಾಗಿದ್ದ ಪಟ್ಟಿಯನ್ನು ಬಿಡಿಸಿ, ಗೋಡೆಗೆ ಮತ್ತೆ ಅಂಟಿಸಿದಳು. ಪ್ರತಿ ದಿನದ ಮನೆಯ ಕೆಳಗೂ ಚಹಾ ಯಾವಾಗ, ಮಾತ್ರೆ ಯಾವಾಗ ಎಂದು ಗಂಟೆ ಬರೆದಳು. ನನ್ನ ಕಡೆ ನೋಡದೆ ಹೇಳಿದಳು. "ಇನ್ನೂ ಏಳು ವಾರ ಇದೆ. ಅಳ್ತಾ ಕೂತ್ರೆ ಆರಾಗುತ್ತೆ. ಏಳಮ್ಮ."

ಎದ್ದೆ. ಮಾರನೆಯ ಬೆಳಿಗ್ಗೆಯಿಂದ ಮಾತ್ರೆ ನಿಂಬೆಹಣ್ಣಿನ ನೀರಿನ ಜೊತೆ. ಊಟದ ಜೊತೆ ಬರೀ ನೀರು, ಎಲ್ಲರಿಗೂ. ಅವಳೊಬ್ಬಳಿಗೆ ಬೇಡವೆಂದು ಉಳಿದವರು ಎದುರಿಗೆ ಕೂತು ಹೀರುವುದು ನ್ಯಾಯವಲ್ಲ. "ಟೀ ಇಲ್ಲದೆ ಈ ಬ್ರೆಡ್ಡನ್ನ ಏನು ಮಾಡ್ಲಿ? ದಿಟ್ಟಿಸಿ ನೋಡ್ಲಾ?" ಎಂದು ಅತ್ತೆ ಮೂರು ದಿನ ಗೊಣಗಿದರು. ಬೇಳೆಯ ಕಟ್ಟಿನಲ್ಲಿ ಅದ್ದಿ ಕೊಟ್ಟೆ. ತಿಂದರು, ಗೊಣಗಾಟ ನಿಲ್ಲಿಸಲಿಲ್ಲ.

ಅದಕ್ಕಿಂತ ದೊಡ್ಡ ಫಜೀತಿ ಬೇರೆ ಇತ್ತು. ಗುರುವಾರದ ಹೊತ್ತಿಗೆ ಡಬ್ಬಿಗಳೆಲ್ಲ ಖಾಲಿ! ವಾರದ ಕಾಳು ನಾಲ್ಕು ದಿನಕ್ಕೆ ಮುಗಿದಿತ್ತು. ಯಾರೋ ಕದ್ದು ತಿಂದಿದ್ದಾರೆ ಎಂದು ಮೊದಲು ಯಜಮಾನರ ಮೇಲೆ ಹರಿಹಾಯ್ದೆ, ಪಾಪ. ಆಮೇಲೆ ಹೊಳೆಯಿತು. ಯಾರೂ ಕದ್ದಿರಲಿಲ್ಲ. ಎಲ್ಲರೂ ಹಸಿದಷ್ಟು ತಿಂದಿದ್ದರು, ಅಷ್ಟೇ. ಇಷ್ಟು ವರ್ಷ ತಟ್ಟೆಯ ಪಕ್ಕ ಒಂದು ಲೋಟ ಸಿಹಿ ಚಹಾ ಇಟ್ಟು ನಾವು ಅರ್ಧ ಹಸಿವೆಯನ್ನು ಮುಚ್ಚಿಬಿಡುತ್ತಿದ್ದೆವು. ಚಹಾ ಎತ್ತಿದ ಕೂಡಲೇ ಮನೆಯ ಹಸಿವೆ ಪೂರ್ತಿಯಾಗಿ ಎದುರಿಗೆ ಬಂದು ಕೂತಿತ್ತು. ನಮ್ಮದು ಇಷ್ಟು ಹಸಿದ ಮನೆ ಎಂದು ನನಗೇ ಗೊತ್ತಿರಲಿಲ್ಲ.

ಶುಕ್ರವಾರ ಇದ್ದುದನ್ನೆಲ್ಲ ಏಣಿಗೆ ಬಡಿಸಿ, ನಾವು ಮೂವರು ಅನ್ನಕ್ಕೆ ಉಪ್ಪು ಕಲಸಿಕೊಂಡೆವು. ಅವಳು ನಮ್ಮ ತಟ್ಟೆಗಳನ್ನು ನೋಡಿ ತನ್ನದನ್ನು ದೂಡಿದಳು. "ನೀವು ತಿನ್ನದೆ ನಾನು ತಿನ್ನಲ್ಲ."

"ತಿನ್ನೇ, ಹಟ ಮಾಡಬೇಡ."

"ನೀನು ಮಾಡಬಹುದು, ನಾನು ಮಾಡಬಾರದಾ?"

ಇವಳಿಗೆ ಈ ಬಾಯಿ ಎಲ್ಲಿಂದ ಬಂತು ಎಂದು ನಾನು ಕೇಳುವ ಹಾಗಿಲ್ಲವಲ್ಲ. ತಟ್ಟೆ ನಡುವೆಯೇ ಉಳಿಯಿತು. ಕೊನೆಗೆ ನಾಲ್ಕು ಪಾಲು ಮಾಡಿದೆವು, ಯಾರಿಗೂ ಸಾಲಲಿಲ್ಲ. ಇನ್ನು ಹೀಗೇ ಆದರೆ ಹನ್ನೆರಡು ಹೇಗೆ ಮುಟ್ಟುತ್ತದೆ?

ಮಾರನೆಯ ಬೆಳಿಗ್ಗೆ ಅಂಗಡಿಯಲ್ಲಿ ಮೊದಲ ಬಸ್ಸಿನ ಡ್ರೈವರ್ ಎಂದಿನಂತೆ ಕೇಳಿದ, "ತಿನ್ನೋಕೆ ಏನಿದೆ ಅಕ್ಕ?"

"ನನ್ನ ತಲೆ ಇದೆ," ಎಂದೆ, ಎಂದಿನಂತೆ. ಡಬ್ಬಿಯ ಬಿಸ್ಕತ್ತು ಬಿಟ್ಟರೆ ಅಲ್ಲಿ ಬೇರೇನೂ ಇರುತ್ತಿರಲಿಲ್ಲ. ಅವನು ನಗುತ್ತ ಹೋದ. ಒಲೆಯ ಮೇಲಿನ ದೊಡ್ಡ ಪಾತ್ರೆಯನ್ನು ನೋಡುತ್ತ ನಿಂತೆ. ಮನೆಗೆ ಚಹಾ ಪುಕ್ಕಟೆ ಬರುತ್ತಿದ್ದದ್ದು ಯಾಕೆ? ಊರಿಗೆಲ್ಲ ಮಾಡುವ ಪಾತ್ರೆಯಲ್ಲಿ ನಮ್ಮ ನಾಲ್ಕು ಲೋಟ ಭಾರವಾಗುತ್ತಿರಲಿಲ್ಲ, ಅದಕ್ಕೆ. ಆ ಪಾತ್ರೆಯಲ್ಲಿ ಕಡಲೆಕಾಳು ಯಾಕೆ ಬೇಯಬಾರದು?

ಮುಂದಿನ ವಾರದ ಅಷ್ಟೂ ದುಡ್ಡು ಹಾಕಿ ಅರ್ಧ ಮೂಟೆ ಕಡಲೆ ತಂದೆ. ಯಜಮಾನರ ಮುಖ ಬಿಳಿಚಿಕೊಂಡಿತು. "ಯಾರೂ ಕೊಳ್ಳದೇ ಇದ್ರೆ?"

"ಕೊಳ್ಳದೇ ಇದ್ರೆ ನಾವೇ ತಿನ್ನೋಣ, ಮೂಟೆ ಮುಗಿಯೋವರೆಗೂ."

ನೆನೆಸಿ, ಮೆತ್ತಗೆ ಬೇಯಿಸಿ, ಈರುಳ್ಳಿ ಟೊಮೆಟೊ ಸೊಪ್ಪು ಕಲಸಿ, ಕಾಗದದ ಲೋಟಕ್ಕೆ ತುಂಬಿ, ಮೇಲೆ ನಿಂಬೆಹಣ್ಣು ಹಿಂಡಿ ಕೊಟ್ಟೆ. ಒಂಬತ್ತು ಗಂಟೆಯೊಳಗೆ ಪಾತ್ರೆ ಬರಿದು. ಖುಷಿಯಲ್ಲಿ ನಾನು ಬೆಂಚು ತಟ್ಟುತ್ತಿದ್ದಾಗ ಏಣಿ ಮನೆಯಿಂದ ಡಬ್ಬಿ ಹಿಡಿದುಕೊಂಡು ಬಂದಳು. ಪಾತ್ರೆಗೆ ಇಣುಕಿದಳು. ಒಂದು ಕಾಳೂ ಇರಲಿಲ್ಲ.

"ಪರವಾಗಿಲ್ಲ ಅಮ್ಮ," ಎಂದಳು.

ಪರವಾಗಿಲ್ಲ ಎಂದ ಆ ಮಾತು ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಇಪ್ಪತ್ತು ವರ್ಷದಿಂದ ನಾನು ಹೊರಗಿನವರು ಉಳಿಸಿದ್ದರಲ್ಲಿ ಮನೆಯವರನ್ನು ಸಾಕುತ್ತಿದ್ದೆ. ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದರಲ್ಲಿ ಏನಾದರೂ ತಪ್ಪಿದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಮರುದಿನದಿಂದ ಅಂಗಡಿಯ ಬಾಗಿಲು ಎತ್ತುವ ಮೊದಲೇ ನಾಲ್ಕು ಡಬ್ಬಿ ತುಂಬಿ ಮುಚ್ಚಳ ಹಾಕಿಡುತ್ತಿದ್ದೆ. ಆಮೇಲೆ ಊರಿಗೆ. ಒಂದು ದಿನ ಪಾತ್ರೆ ಮುಗಿದಾಗ ಅದೇ ಡ್ರೈವರ್ ಡಬ್ಬಿಗಳ ಕಡೆ ಕಣ್ಣು ಹಾಕಿದ. "ಅದರಲ್ಲಿದೆಯಲ್ಲ ಅಕ್ಕ. ಎರಡರಷ್ಟು ಕೊಡ್ತೀನಿ, ಕೊಡಿ."

"ಅದು ಬೆಂಕಿ ಆರಿಸೋರದ್ದು. ನಾಳೆ ನಿನ್ನ ಬಸ್ಸಿಗೆ ಬೆಂಕಿ ಹತ್ತಿದ್ರೆ ನಿನ್ನ ಎರಡರಷ್ಟು ದುಡ್ಡು ಬಂದು ಆರಿಸುತ್ತಾ?"

ಈ ಮಾತು ನಿಲ್ದಾಣದಲ್ಲೆಲ್ಲ ಹಬ್ಬಿತು. ಡ್ರೈವರುಗಳು, ಕಂಡಕ್ಟರುಗಳು ಬಂದವರೇ, "ಎಷ್ಟಾಯ್ತು ಅಕ್ಕ ರಕ್ತ?" ಎಂದು ಕೇಳತೊಡಗಿದರು. ನಾನು ಸುಮ್ಮನಿರದೆ ಕಡಲೆ ಕೊಂಡವರಿಗೆಲ್ಲ, ಟೀ ಈಗ ಬೇಡ, ಒಂದು ಗಂಟೆ ಬಿಟ್ಟು ಬನ್ನಿ ಎಂದು ಉಪದೇಶ ಶುರು ಮಾಡಿದೆ. ಒಂದೇ ದಿನಕ್ಕೆ ಚಹಾ ವ್ಯಾಪಾರ ಅರ್ಧಕ್ಕಿಳಿಯಿತು. ಯಜಮಾನರು ಕೈ ಮುಗಿದು ನನ್ನ ಬಾಯಿ ಮುಚ್ಚಿಸಿದರು.

ಕಡಲೆಯಿಂದ ಬಂದದ್ದು ಮತ್ತೆ ಮೊಟ್ಟೆಗೆ, ಲಿವರಿಗೆ ಹೋಯಿತು. ಗೋಡೆಯ ಮೇಲಿನ ಮನೆಗಳು ತುಂಬಿದವು. ನಾಲ್ಕು ಜನರಿಗೂ ಒಂದೇ ಅಡುಗೆ, ಹೊಟ್ಟೆ ತುಂಬ. ಯಜಮಾನರು ಮಧ್ಯಾಹ್ನದ ಮೇಲೂ ಮೂಟೆ ಎತ್ತಲು ಹೋಗತೊಡಗಿದರು. ಹತ್ತನೇ ವಾರ ಏಣಿ ಮೆಟ್ಟಿಲು ಹತ್ತುವ ಅಭ್ಯಾಸಕ್ಕೆಂದು ಅಜ್ಜಿಯನ್ನೇ ಬೆನ್ನಿಗೇರಿಸಿಕೊಂಡು ನಮ್ಮ ಕಟ್ಟಡದ ಮಾಳಿಗೆಗೆ ಹೋದಳು. "ಇಳಿಸೇ ಕತ್ತೆ! ಬೀಳಿಸ್ತೀಯ!" ಎಂದು ಅತ್ತೆ ಕೂಗಿದ್ದು ನಾಲ್ಕು ಬೀದಿಗೆ ಕೇಳಿಸಿತು. ಇಳಿದ ಮೇಲೆ, ನಾಳೆ ಎಷ್ಟು ಗಂಟೆಗೆ ಎಂದು ಕೇಳಿದರು.

ಆ ದಿನ ಬಂತು. ಏಣಿ ಒಳಗೆ ಸಾಲಿನಲ್ಲಿ ನಿಂತಳು. ನಾನೂ ಯಜಮಾನರೂ ಕಿಟಕಿಯ ಹೊರಗೆ. ಹನ್ನೊಂದೂವರೆಗೇ ನಿಂತುಬಿಟ್ಟಿದ್ದರೆ? ಆ ಐದು ವಾರವನ್ನು ಎಲ್ಲಿಂದ ತಂದುಕೊಡಲಿ? ಅವಳು ಜೀವಮಾನವಿಡೀ ನನ್ನನ್ನು ಒಂದು ಮಾತೂ ಅನ್ನದೆ ಇದ್ದುಬಿಟ್ಟರೆ ಅದನ್ನು ನಾನು ಹೇಗೆ ತಡೆದುಕೊಳ್ಳಲಿ? ಡಾಕ್ಟರು ಅವಳ ಬೆರಳು ಚುಚ್ಚಿದರು. ಮಿಷನ್ ನೋಡಿದರು. ಯಾವುದೋ ತರಕಾರಿಯ ಬೆಲೆ ಹೇಳುವಂತೆ ಹೇಳಿದರು, "ಹನ್ನೆರಡು ಪಾಯಿಂಟ್ ಒಂದು. ಮುಂದಿನವರು."

ನಾನು ಕಿರುಚಿದ್ದಕ್ಕೆ ಒಳಗಿದ್ದವರೆಲ್ಲ ತಿರುಗಿ ನೋಡಿದರು. ಏಣಿ ತುಟಿಗೆ ಬೆರಳಿಟ್ಟು ಗದರಿದಳು, ಕಣ್ಣು ಮಾತ್ರ ತುಂಬಿತ್ತು. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆಮೇಲೆ ಗೋಪುರ. ನಾವು ಬೇಲಿಗೆ ಓಡಿದೆವು. ಸುರುಳಿ ಹೆಗಲಿಗೇರಿತು, ಸೀಟಿ ಊದಿದರು. ಒಂದನೇ ಮಹಡಿ. ಎರಡು. ಮೂರನೆಯದಕ್ಕೆ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. "ದಾಟಿದ್ಲು ಕಣೇ, ದಾಟಿದ್ಲು," ಎಂದು ಯಜಮಾನರು ನನ್ನ ಭುಜ ಹಿಡಿದು ಅಲ್ಲಾಡಿಸಿದರು. ಕಣ್ಣು ಬಿಟ್ಟಾಗ ಅವಳು ನಾಲ್ಕನೆಯದರಲ್ಲಿ ಸುರುಳಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸುತ್ತಿದ್ದಳು. ನಿಲ್ಲಲಿಲ್ಲ. ಐದನೆಯದು ಮುಟ್ಟಿ, ಕಂಬಿಯ ಮೇಲಿಂದ ಕೈ ಎತ್ತಿದಳು.

"ನಿಮ್ಮ ಮಗಳಾ?" ಎಂದು ಪಕ್ಕದಲ್ಲಿದ್ದ ಹೆಂಗಸು ಕೇಳಿದಳು.

"ಮಗಳೇ," ಎಂದೆ. "ಆದ್ರೆ ಈಗ ಹತ್ತಿದ್ದು ನನ್ನ ಕಡಲೆಕಾಳು ಕಣಮ್ಮ! ನನ್ನ ಕಡಲೆಕಾಳು, ನನ್ನ ಸೊಪ್ಪು, ನನ್ನ ಬಿರುಕು ಮೊಟ್ಟೆ!"

"ಲೇ, ಮೆಲ್ಲಗೆ. ಮಾನ ಕಳೀಬೇಡ," ಎಂದು ಯಜಮಾನರು ಬೇರೆ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡರು.

ಏಣಿ ಇಳಿದು ಬೇಲಿಯ ಹತ್ತಿರ ಬಂದಳು. ಬೆವರು ಸುರಿಯುತ್ತಿತ್ತು, ಉಸಿರು ಏರಿಳಿಯುತ್ತಿತ್ತು, ಕೆನ್ನೆ ಕೆಂಪಾಗಿತ್ತು. ಆ ಕೆಂಪನ್ನು ನಾನು ಎಷ್ಟು ನೋಡಿದರೂ ಸಾಲಲಿಲ್ಲ. ಏನೋ ದೊಡ್ಡ ಮಾತು ಹೇಳುತ್ತಾಳೆ ಎಂದು ಕಾದೆ.

"ಅಮ್ಮ, ಹೊಟ್ಟೆ ತುಂಬ ಹಸೀತಿದೆ," ಎಂದಳು.

ನಮ್ಮ ಮನೆಯಲ್ಲಿ ಯಾರೂ ಆ ಮಾತನ್ನು ಅಷ್ಟು ಜೋರಾಗಿ ಹೇಳಿದ್ದೇ ಇಲ್ಲ. ಹೇಳಿ ಪ್ರಯೋಜನವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಹುಟ್ಟಿದಾಗಿನಿಂದ ಅವಳಿಗೂ ಗೊತ್ತಿತ್ತು. ಈಗ ಅವಳು ನೂರು ಜನರೆದುರಿಗೆ, ಒಂದಿಷ್ಟೂ ನಾಚದೆ, ಕೈ ಚಾಚಿ ಕೇಳುತ್ತಿದ್ದಳು. ನಾನು ಚೀಲದಿಂದ ಅವಳ ಊಟ ತೆಗೆದು ಬೇಲಿಯ ಸಂದಿಯಲ್ಲಿ ಕೊಟ್ಟೆ. ಅವಳು ನಿಂತಲ್ಲೇ ಬಿಚ್ಚಿಕೊಂಡು, ಒಂದು ಕಾಳೂ ಬಿಡದೆ ತಿಂದಳು.